ಹೋಮ್‌ಸ್ಕೂಲ್ ಮಕ್ಕಳಿಗೆ ಕಾಲೇಜು ಗಣಿತದ ಕ್ರೆಡಿಟ್: ಎಲ್ಲಿಂದ ಶುರು ಮಾಡಬೇಕು, ಯಾವ ದಾರಿ ಹಿಡಿಯಬೇಕು

ಅಮೆರಿಕದಲ್ಲಿ ಮಕ್ಕಳನ್ನು ಮನೆಯಲ್ಲೇ ಓದಿಸುತ್ತಿರುವ ನಮ್ಮ ಕನ್ನಡದ ಅಪ್ಪ ಅಮ್ಮಂದಿರು ಒಂದು ಪ್ರಶ್ನೆಯನ್ನು ಜಾಸ್ತಿ ಕೇಳುತ್ತಾರೆ. "ಮಗ ಲೆಕ್ಕದಲ್ಲಿ ಮುಂದಿದ್ದಾನೆ. ಹೈಸ್ಕೂಲ್ ವಯಸ್ಸಿನಲ್ಲೇ ಕಾಲೇಜಿನ ಮ್ಯಾಥ್ ಕ್ರೆಡಿಟ್ ತಗೋಬಹುದಂತೆ. ಎಪಿ ಬರೆಸಬೇಕಾ, ಕ್ಲೆಪ್ ಬರೆಸಬೇಕಾ, ಕಮ್ಯುನಿಟಿ ಕಾಲೇಜಿಗೆ ಕಳಿಸಬೇಕಾ?" (ಎಪಿ, ಕ್ಲೆಪ್ ಅಂದರೆ ಒಳ್ಳೆಯ ಅಂಕ ಬಂದರೆ ಕಾಲೇಜು ಕ್ರೆಡಿಟ್ ಕೊಡಿಸುವ ಪರೀಕ್ಷೆಗಳು, ಕಮ್ಯುನಿಟಿ ಕಾಲೇಜು ಅಂದರೆ ಊರಿನಲ್ಲೇ ಇರುವ ಎರಡು ವರ್ಷದ ಕಾಲೇಜು.) ಇದಕ್ಕೆ ಉತ್ತರ ಹೇಳುವ ಮೊದಲು ನಾನು ತಿರುಗಿ ಕೇಳುವುದು ಒಂದೇ ಮಾತು. ಈ ಕ್ರೆಡಿಟ್ ಸಿಕ್ಕ ಮೇಲೆ ಅವನು ಹೋಗಿ ಕೂರುವ ಮುಂದಿನ ಕ್ಲಾಸ್ ಯಾವುದು?

ಕ್ರೆಡಿಟ್ ಸಿಗುವುದು ಅಂದರೆ ಒಂದು ಕೋರ್ಸನ್ನು ಬಿಟ್ಟು ಅದರ ಮುಂದಿನದಕ್ಕೆ ಹೋಗುವುದು. ಕ್ಯಾಲ್ಕುಲಸ್ 1ರ ಕ್ರೆಡಿಟ್ ತಗೊಂಡ ಹುಡುಗಿ ಯೂನಿವರ್ಸಿಟಿಯ ಮೊದಲ ದಿನವೇ ಕ್ಯಾಲ್ಕುಲಸ್ 2ರಲ್ಲಿ ಕೂರುತ್ತಾಳೆ. ಮನೆಯಿಂದ ದೂರ, ಹೊಸ ಊರು, ಹೊಸ ಹಾಸ್ಟೆಲ್, ಅದರ ಜೊತೆ ಎಲ್ಲರೂ ಕಷ್ಟ ಅನ್ನುವ ಕೋರ್ಸ್. ಅಲ್ಲಿ ಅವಳು ನಿಭಾಯಿಸಿದರೆ ಕ್ರೆಡಿಟ್ ಉಪಯೋಗಕ್ಕೆ ಬಂತು. ಇಲ್ಲದಿದ್ದರೆ ಉಳಿಸಿದ ದುಡ್ಡಿಗಿಂತ ಕಳೆದುಕೊಂಡ ಧೈರ್ಯವೇ ದೊಡ್ಡದಾಗುತ್ತದೆ. ಅದಕ್ಕೇ ಪ್ಲ್ಯಾನ್ ಯಾವಾಗಲೂ ತುದಿಯಿಂದ ಹಿಂದಕ್ಕೆ ಬರಬೇಕು.

ಮೊದಲು ಡಿಗ್ರಿ ನೋಡಿ, ಆಮೇಲೆ ಪರೀಕ್ಷೆ

ಮಗುವಿಗೆ ಹದಿನೈದು ವರ್ಷಕ್ಕೇ ಏನು ಓದಬೇಕು ಅಂತ ಗೊತ್ತಿರಬೇಕಾಗಿಲ್ಲ. ಆದರೆ ಎಂಜಿನಿಯರಿಂಗ್, ಫಿಸಿಕ್ಸ್, ಕಂಪ್ಯೂಟರ್ ಸೈನ್ಸ್ ಕಡೆ ಒಲವಿದೆಯಾ, ಅಥವಾ ಬಿಸಿನೆಸ್, ನರ್ಸಿಂಗ್, ಸೈಕಾಲಜಿ, ಇತಿಹಾಸದ ಕಡೆಯಾ, ಅಷ್ಟು ಗೊತ್ತಾದರೂ ಸಾಕು. ಯಾಕೆಂದರೆ ಗಣಿತದ ದಾರಿ ಇಲ್ಲೇ ಎರಡಾಗುತ್ತದೆ.

ಎಂಜಿನಿಯರಿಂಗ್‌ಗೆ ಹೋಗುವವರಿಗೆ ಬೇಕಾಗುವುದು ಕ್ಯಾಲ್ಕುಲಸ್ 1, 2, 3, ಜೊತೆಗೆ ಲೀನಿಯರ್ ಆಲ್ಜೀಬ್ರಾ ಮತ್ತು ಡಿಫರೆನ್ಷಿಯಲ್ ಈಕ್ವೇಶನ್ಸ್. ಇವರಿಗೆ ಕಾಲೇಜ್ ಆಲ್ಜೀಬ್ರಾದ 3 ಕ್ರೆಡಿಟ್ ಇದ್ದರೂ ಡಿಗ್ರಿಯ ಲೆಕ್ಕಕ್ಕೆ ಸಾಮಾನ್ಯವಾಗಿ ಬರುವುದಿಲ್ಲ, ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಅಂಕಪಟ್ಟಿಯಲ್ಲಿ) ಸುಮ್ನೆ ಕೂತಿರುತ್ತದೆ. ಸೈಕಾಲಜಿ, ನರ್ಸಿಂಗ್ ಓದುವವರಿಗೆ ಜಾಸ್ತಿ ಕೆಲಸಕ್ಕೆ ಬರುವುದು ಸ್ಟ್ಯಾಟಿಸ್ಟಿಕ್ಸ್. ಅವರನ್ನು ಹಿಡಿದು ಕ್ಯಾಲ್ಕುಲಸ್ ಬಿಸಿ (ಎಪಿಯ ಎರಡು ಕ್ಯಾಲ್ಕುಲಸ್ ಪರೀಕ್ಷೆಗಳಲ್ಲಿ ದೊಡ್ಡದು) ಮಾಡಿಸಿ ಒಂದು ವರ್ಷ ಕಣ್ಣೀರು ಹಾಕಿಸುವ ಬದಲು ಎಪಿ ಸ್ಟ್ಯಾಟಿಸ್ಟಿಕ್ಸನ್ನು ಚೆನ್ನಾಗಿ ಓದಿಸಿ ಅಂತ ನಾನು ಹೇಳುತ್ತೇನೆ. ನಮ್ಮ ಜನರಲ್ಲಿ ಸ್ಟ್ಯಾಟಿಸ್ಟಿಕ್ಸ್ ಅಂದರೆ ಎರಡನೇ ದರ್ಜೆ ಅನ್ನುವ ಭಾವನೆ ಇನ್ನೂ ಇದೆ. ಅದನ್ನು ಬಿಡಬೇಕು.

ಆಮೇಲೆ ಒಂದು ನಾಲ್ಕೈದು ಕಾಲೇಜುಗಳ ಹೆಸರು ಬರೆದುಕೊಳ್ಳಿ. ನಿಮ್ಮ ರಾಜ್ಯದ ಒಂದೆರಡು ಪಬ್ಲಿಕ್ ಯೂನಿವರ್ಸಿಟಿ ಅದರಲ್ಲಿ ಇರಲೇಬೇಕು. ಪ್ರತಿಯೊಂದರ ಸೈಟ್‌ನಲ್ಲೂ ಟ್ರಾನ್ಸ್‌ಫರ್ ಕ್ರೆಡಿಟ್ ಹುಡುಕುವ ಪುಟ ಇರುತ್ತದೆ. ಅಲ್ಲಿ ನಿಮ್ಮೂರಿನ ಕಮ್ಯುನಿಟಿ ಕಾಲೇಜಿನ ಹೆಸರು ಹಾಕಿ, ಗಣಿತದ ಕೋರ್ಸ್ ಆರಿಸಿ. ಬಲಗಡೆ ಆ ಯೂನಿವರ್ಸಿಟಿಯ ಯಾವ ಕೋರ್ಸಿಗೆ ಸಮ ಅಂತ ತೋರಿಸುತ್ತದೆ. ಸರಿಯಾದ ಕೋರ್ಸ್ ನಂಬರ್ ಬಂದರೆ ಒಳ್ಳೆಯದು. ನಂಬರ್ ಇರಬೇಕಾದ ಕಡೆ ಎಕ್ಸ್ ಎಕ್ಸ್ ಅಂತಲೋ, ಜನರಲ್ ಎಲೆಕ್ಟಿವ್ ಅಂತಲೋ ಬಂದರೆ ಕ್ರೆಡಿಟ್ ಸಿಗುತ್ತದೆ, ಆದರೆ ಕೋರ್ಸ್ ಮತ್ತೆ ಮಾಡಬೇಕಾಗಬಹುದು. ಎಷ್ಟೋ ಜನ "ಕ್ರೆಡಿಟ್ ಒಪ್ಪುತ್ತಾರಂತೆ" ಅನ್ನುವಷ್ಟಕ್ಕೇ ನಿಲ್ಲುತ್ತಾರೆ. ಯಾವ ಕೋರ್ಸಿನ ಬದಲಿಗೆ ಒಪ್ಪುತ್ತಾರೆ ಅನ್ನುವುದೇ ಇಲ್ಲಿ ನೋಡಬೇಕಾದ ವಿಷಯ.

ಕ್ಯಾಲಿಫೋರ್ನಿಯಾದವರಿಗೆ ಇದು ಸುಲಭ. ಅಸಿಸ್ಟ್ ಅನ್ನುವ ಸರ್ಕಾರಿ ಸೈಟ್‌ನಲ್ಲಿ ಅಲ್ಲಿನ ಕಮ್ಯುನಿಟಿ ಕಾಲೇಜಿನ ಕೋರ್ಸ್‌ಗಳು ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಮತ್ತು ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಕಾಲೇಜುಗಳಲ್ಲಿ ಯಾವುದಕ್ಕೆ ಸಮ ಅಂತ ಎಲ್ಲ ಇದೆ. ಟೆಕ್ಸಸ್, ಫ್ಲೋರಿಡಾಗಳಲ್ಲಿ ರಾಜ್ಯಕ್ಕೆಲ್ಲ ಒಂದೇ ಕೋರ್ಸ್ ನಂಬರ್ ಪದ್ಧತಿ ಇದೆ. ಟೆಕ್ಸಸ್‌ನ ಯಾವ ಕಮ್ಯುನಿಟಿ ಕಾಲೇಜಿನಲ್ಲೇ ಆಗಲಿ ಮ್ಯಾಥ್ 2413 ಅಂದರೆ ಕ್ಯಾಲ್ಕುಲಸ್ 1.

ಆಲ್ಜೀಬ್ರಾ ಗಟ್ಟಿ ಇದೆಯಾ?

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಎಲ್ಲ ಕೆಡುವುದೂ ಇಲ್ಲೇ.

ಕ್ಯಾಲ್ಕುಲಸ್‌ನಲ್ಲಿ ಸೋಲುವ ಮಕ್ಕಳು ಜಾಸ್ತಿ ಸೋಲುವುದು ಕ್ಯಾಲ್ಕುಲಸ್‌ನಿಂದಲ್ಲ, ಆಲ್ಜೀಬ್ರಾದಿಂದ. ಒಂದು ಚಿಕ್ಕ ಪರೀಕ್ಷೆ ಹೇಳುತ್ತೇನೆ, ಇವತ್ತೇ ಮಾಡಿ ನೋಡಿ. ಮಗುವಿಗೆ ಒಂದು ಹಾಳೆ ಕೊಡಿ. "ಒಂದರ ಕೆಳಗೆ ಎಕ್ಸ್ ಪ್ಲಸ್ ಎಚ್, ಅದರಿಂದ ಒಂದರ ಕೆಳಗೆ ಎಕ್ಸ್ ಕಳೆ, ಬಂದದ್ದನ್ನೆಲ್ಲ ಎಚ್‌ನಿಂದ ಭಾಗಿಸು, ಆದಷ್ಟು ಚಿಕ್ಕದು ಮಾಡು" ಅನ್ನಿ. ಕ್ಯಾಲ್ಕುಲೇಟರ್ ಬೇಡ. ಪಕ್ಕದಲ್ಲಿ ಕೂತು ಮಾತಾಡದೆ ನೋಡಿ. ಮೇಲಿನ ಎರಡು ಭಿನ್ನರಾಶಿಗಳಿಗೆ ಒಂದೇ ಛೇದ ತಂದು, ಮೈನಸ್ ಚಿಹ್ನೆಯನ್ನು ಬ್ರಾಕೆಟ್ ಒಳಗೆ ಸರಿಯಾಗಿ ಹಂಚಿ, ಎಕ್ಸ್ ಎಕ್ಸ್ ಹೊಡೆದುಹೋಗಿ ಬರೀ ಮೈನಸ್ ಎಚ್ ಉಳಿದು, ಅದು ಕೆಳಗಿನ ಎಚ್ ಜೊತೆ ಹೋಗಿ, ಕೊನೆಗೆ ಮೈನಸ್ ಒಂದರ ಕೆಳಗೆ ಎಕ್ಸ್ ಮತ್ತು ಎಕ್ಸ್ ಪ್ಲಸ್ ಎಚ್ ಎರಡರ ಗುಣಲಬ್ಧ ಬರಬೇಕು. ಇಷ್ಟನ್ನು ಮಗು ತಡವರಿಸದೆ ಮಾಡಿದರೆ ಕ್ಯಾಲ್ಕುಲಸ್‌ನ ಬಾಗಿಲಿಗೆ ಬಂದಿದೆ ಅಂತ ಅರ್ಥ. ಮಧ್ಯದಲ್ಲಿ ಮೈನಸ್ ಕಳೆದುಹೋದರೆ, ಅಥವಾ ಎಕ್ಸ್ ಪ್ಲಸ್ ಎಚ್‌ನ ವರ್ಗ ಕೇಳಿದಾಗ ಎಕ್ಸ್ ವರ್ಗ ಪ್ಲಸ್ ಎಚ್ ವರ್ಗ ಅಂತ ಬರೆದರೆ, ಆ ಮಗು ಎಷ್ಟೇ ಚುರುಕಾಗಿದ್ದರೂ ಇನ್ನೊಂದು ಆರು ತಿಂಗಳು ಆಲ್ಜೀಬ್ರಾ 2 ಮತ್ತು ಪ್ರೀಕ್ಯಾಲ್ಕುಲಸ್‌ನಲ್ಲೇ ಇರಲಿ. ಅದರಿಂದ ಏನೂ ಹಾಳಾಗುವುದಿಲ್ಲ.

ಲಾಗರಿದಮ್, ಋಣ ಘಾತ, ಭಿನ್ನರಾಶಿ ಘಾತ, ತ್ರಿಕೋನಮಿತಿಯ ಯೂನಿಟ್ ಸರ್ಕಲ್, ಇವನ್ನೂ ಹೀಗೇ ಕೂತು ನೋಡಬೇಕು. ಸೈನ್ 30 ಡಿಗ್ರಿ ಎಷ್ಟು ಅಂದರೆ ಅರ್ಧ ಅಂತ ಬಾಯಿಪಾಠ ಹೇಳುವುದು ಸಾಲದು, ಸೈನ್ 210 ಡಿಗ್ರಿ ಯಾಕೆ ಮೈನಸ್ ಅರ್ಧ ಅಂತ ಚಿತ್ರ ಬರೆದು ತೋರಿಸಬೇಕು.

ಹೋಮ್‌ಸ್ಕೂಲಿಂಗ್‌ನ ದೊಡ್ಡ ಲಾಭವೇ ಇದು, ಅಲ್ವಾ? ಶಾಲೆಯ ಕ್ಯಾಲೆಂಡರ್ ನಮ್ಮನ್ನು ಓಡಿಸುವುದಿಲ್ಲ. ಆದರೂ ನಮ್ಮ ಪೈಕಿ ಕೆಲವರು ಯಾರದ್ದೋ ಮಗ ಒಂಬತ್ತನೇ ತರಗತಿಯಲ್ಲೇ ಬಿಸಿ ಮುಗಿಸಿದ ಅಂತ ಕೇಳಿ ತಾವೇ ಓಡಲು ಶುರು ಮಾಡುತ್ತಾರೆ. ದಯವಿಟ್ಟು ಬೇಡ. ಓಪನ್‌ಸ್ಟ್ಯಾಕ್ಸ್‌ನ ಪ್ರೀಕ್ಯಾಲ್ಕುಲಸ್ ಪುಸ್ತಕ ಪುಕ್ಕಟೆ ಸಿಗುತ್ತದೆ. ಖಾನ್ ಅಕಾಡೆಮಿಯೂ ಪುಕ್ಕಟೆ. ಲೆಕ್ಕ ಅಂದರೆ ಪ್ರಾಣ ಬಿಡುವ ಮಗುವಿಗೆ ಆರ್ಟ್ ಆಫ್ ಪ್ರಾಬ್ಲಮ್ ಸಾಲ್ವಿಂಗ್ ಪುಸ್ತಕಗಳು ಚೆನ್ನ, ಅವು ಮುಂದಕ್ಕೆ ಓಡಿಸುವುದಕ್ಕಿಂತ ಆಳಕ್ಕೆ ಕರೆದುಕೊಂಡು ಹೋಗುತ್ತವೆ.

ಎಪಿ

ಹೆಚ್ಚು ಕಡೆ ನಡೆಯುವ ನಾಣ್ಯ ಇದೇ. ಕಾಲೇಜ್ ಬೋರ್ಡ್ ನಡೆಸುವ ಪರೀಕ್ಷೆ, ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ, ಅಂಕ 1ರಿಂದ 5. ಗಣಿತದಲ್ಲಿ ಕ್ಯಾಲ್ಕುಲಸ್ ಎಬಿ, ಕ್ಯಾಲ್ಕುಲಸ್ ಬಿಸಿ, ಸ್ಟ್ಯಾಟಿಸ್ಟಿಕ್ಸ್, ಜೊತೆಗೆ 2024ರ ಮೇನಲ್ಲಿ ಮೊದಲ ಸಲ ನಡೆದ ಪ್ರೀಕ್ಯಾಲ್ಕುಲಸ್ ಇವೆ. ಎಬಿ ಅಂದರೆ ಹೆಚ್ಚುಕಮ್ಮಿ ಕ್ಯಾಲ್ಕುಲಸ್ 1, ಬಿಸಿ ಅಂದರೆ 1 ಮತ್ತು 2 ಎರಡೂ. ಬಿಸಿ ಬರೆದವರಿಗೆ ಎಬಿ ಭಾಗದ ಅಂಕವೂ ಬೇರೆಯಾಗಿ ಬರುತ್ತದೆ, ಹಾಗಾಗಿ ಬಿಸಿಯಲ್ಲಿ ಮಾತ್ರ ಬರುವ ಸರಣಿಗಳ ಪಾಠ ಸ್ವಲ್ಪ ಕೈಕೊಟ್ಟರೂ ಕ್ಯಾಲ್ಕುಲಸ್ 1ರ ಕ್ರೆಡಿಟ್ ಉಳಿಯುವ ಸಾಧ್ಯತೆ ಇದೆ.

ಎಪಿ ಪರೀಕ್ಷೆ ಬರೆಯಲು ಎಪಿ ಕ್ಲಾಸಿಗೆ ಹೋಗಿರಲೇಬೇಕು ಅಂತಿಲ್ಲ. ಮನೆಯಲ್ಲೇ ಓದಿ ಬರೆಯಬಹುದು. ಆದರೆ ನಿಮ್ಮ ಸಿಲಬಸ್‌ಗೆ ಕಾಲೇಜ್ ಬೋರ್ಡ್‌ನ ಒಪ್ಪಿಗೆ ಪಡೆಯದೆ ಮನೆಯ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಕೋರ್ಸಿನ ಹೆಸರಿಗೆ ಎಪಿ ಅಂತ ಸೇರಿಸುವ ಹಾಗಿಲ್ಲ. ಕ್ಯಾಲ್ಕುಲಸ್ ಅಂತ ಬರೆಯಿರಿ, ಪಕ್ಕದಲ್ಲಿ ಎಪಿ ಪರೀಕ್ಷೆಯ ಅಂಕ ಹಾಕಿ, ಸಾಕು.

ಕಷ್ಟ ಬರುವುದು ಪರೀಕ್ಷೆಗೆ ಕೂರಲು ಜಾಗ ಹುಡುಕುವುದರಲ್ಲಿ. ಹತ್ತಿರದ ಯಾವುದಾದರೂ ಹೈಸ್ಕೂಲ್ ನಿಮ್ಮ ಮಗುವನ್ನು ಕೂರಿಸಿಕೊಳ್ಳಲು ಒಪ್ಪಬೇಕು. ಆಗಸ್ಟ್‌ನಲ್ಲೇ ಎಪಿ ಕೋಆರ್ಡಿನೇಟರ್‌ಗೆ ಫೋನ್ ಮಾಡಿ. ನವೆಂಬರ್ ಮಧ್ಯಕ್ಕೆ ನೋಂದಣಿ ಮುಗಿಯುತ್ತದೆ, ಆಮೇಲೆ ದಂಡ ಕಟ್ಟಬೇಕು, ಜಾಗವೂ ಇರುವುದಿಲ್ಲ. ಒಪ್ಪಿದರೆ ಅವರು ಬರೀ ಪರೀಕ್ಷೆ ಬರೆಯುವವರ ಗುಂಪಿಗೆ ಸೇರಲು ಒಂದು ಕೋಡ್ ಕೊಡುತ್ತಾರೆ, ಅದನ್ನು ಮಗುವಿನ ಕಾಲೇಜ್ ಬೋರ್ಡ್ ಖಾತೆಯಲ್ಲಿ ಹಾಕಬೇಕು. ಒಂದು ಪರೀಕ್ಷೆಗೆ ಸುಮಾರು 100 ಡಾಲರ್, ಶಾಲೆ ತನ್ನ ಖರ್ಚು ಸೇರಿಸಿದರೆ ಇನ್ನೂ ಜಾಸ್ತಿ. ಒಂದು ಶಾಲೆ ಇಲ್ಲ ಅಂದರೆ ಇನ್ನೊಂದನ್ನು ಕೇಳಿ. ಚರ್ಚ್‌ಗಳು ನಡೆಸುವ ಖಾಸಗಿ ಶಾಲೆಗಳನ್ನೂ ಕೇಳಿ, ಅದರಲ್ಲಿ ಸಂಕೋಚ ಬೇಡ.

ಕ್ಯಾಲ್ಕುಲಸ್ ಪರೀಕ್ಷೆಯಲ್ಲಿ 45 ಬಹು ಆಯ್ಕೆ ಪ್ರಶ್ನೆ, 6 ಬಿಡಿಸಿ ಬರೆಯುವ ಪ್ರಶ್ನೆ. ಮನೆಯಲ್ಲಿ ಓದಿದ ಮಕ್ಕಳಿಗೆ ಆ ಆರರಲ್ಲೇ ಅಂಕ ಹೋಗುತ್ತದೆ. ಉತ್ತರ ಸರಿ ಇರುತ್ತದೆ, ಕಾರಣ ಬರೆದಿರುವುದಿಲ್ಲ. ಹಳೆಯ ಪ್ರಶ್ನೆಗಳೂ ಅಂಕ ಕೊಡುವ ಕ್ರಮವೂ ಕಾಲೇಜ್ ಬೋರ್ಡ್ ಸೈಟ್‌ನಲ್ಲೇ ಇವೆ. ಮಗು ಬರೆದ ಉತ್ತರವನ್ನು ಆ ಕ್ರಮದ ಪಕ್ಕ ಇಟ್ಟು ನೀವಿಬ್ಬರೂ ಸೇರಿ ತಿದ್ದಿ. ಎರಡು ತಿಂಗಳು ವಾರಕ್ಕೊಂದು ಹೀಗೆ ಮಾಡಿದರೆ ಬರೆಯುವ ರೀತಿಯೇ ಬದಲಾಗುತ್ತದೆ.

ಕ್ಲೆಪ್

ಇದೂ ಕಾಲೇಜ್ ಬೋರ್ಡ್‌ನದೇ. ವರ್ಷದ ಯಾವ ಕಾಲದಲ್ಲಾದರೂ ಬರೆಯಬಹುದು, ಗಣಿತದಲ್ಲಿ ಕಾಲೇಜ್ ಆಲ್ಜೀಬ್ರಾ, ಕಾಲೇಜ್ ಮ್ಯಾಥಮ್ಯಾಟಿಕ್ಸ್, ಪ್ರೀಕ್ಯಾಲ್ಕುಲಸ್, ಕ್ಯಾಲ್ಕುಲಸ್ ಇವೆ, ಪ್ರತಿಯೊಂದೂ ಸುಮಾರು 90 ನಿಮಿಷ, ಅಂಕ 20ರಿಂದ 80, ಸಾಮಾನ್ಯವಾಗಿ 50 ಬಂದರೆ ಪಾಸು. ಮಾಡರ್ನ್ ಸ್ಟೇಟ್ಸ್ ಅನ್ನುವ ಸಂಸ್ಥೆ ಪುಕ್ಕಟೆ ಆನ್‌ಲೈನ್ ಪಾಠ ಕೊಡುತ್ತದೆ, ಪಾಠ ಮುಗಿಸಿದವರಿಗೆ ಪರೀಕ್ಷೆ ಫೀಸಿನ ವೋಚರ್ ಕೂಡ ಕೊಡುತ್ತದೆ. ತುಂಬಾ ಅಗ್ಗದ ದಾರಿ ಇದು. ಫೇಲಾದರೆ ಮೂರು ತಿಂಗಳು ಬಿಟ್ಟು ಮತ್ತೆ ಬರೆಯಬಹುದು.

ಆದರೆ ಎಲ್ಲ ಕಡೆ ನಡೆಯುವುದಿಲ್ಲ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಕ್ಲೆಪ್‌ಗೆ ಕ್ರೆಡಿಟ್ ಕೊಡುವುದಿಲ್ಲ. ಎಂಐಟಿಯೂ ಇಲ್ಲ. ಫ್ಲೋರಿಡಾದ ಪಬ್ಲಿಕ್ ಕಾಲೇಜುಗಳು ಕೊಡುತ್ತವೆ. ಕೆಲವು ಯೂನಿವರ್ಸಿಟಿಗಳಲ್ಲಿ ಕ್ಲೆಪ್ ಒಪ್ಪಿದರೂ ಎಂಜಿನಿಯರಿಂಗ್ ವಿಭಾಗ ಮಾತ್ರ ಕ್ಯಾಲ್ಕುಲಸ್‌ಗೆ ಒಪ್ಪುವುದಿಲ್ಲ. ಹಾಗಾಗಿ ನಾನು ಕ್ಲೆಪ್ ಹೇಳುವುದು ಗಣಿತ ಮುಖ್ಯವಲ್ಲದ ಡಿಗ್ರಿಗೆ ಹೋಗುವ, ಒಂದು ಗಣಿತದ ಕೋರ್ಸ್ ಮುಗಿಸಿ ಕೈತೊಳೆದುಕೊಂಡರೆ ಸಾಕು ಅನ್ನುವ ಮಕ್ಕಳಿಗೆ. ಅವರಿಗೆ ಇದು ನಿಜಕ್ಕೂ ವರ.

ಕಮ್ಯುನಿಟಿ ಕಾಲೇಜು

ನನಗೆ ತುಂಬಾ ಇಷ್ಟದ ದಾರಿ ಇದು, ಎಚ್ಚರಿಕೆ ಹೇಳಬೇಕಾದದ್ದೂ ಇಲ್ಲೇ ಜಾಸ್ತಿ.

ಡ್ಯುಯಲ್ ಎನ್‌ರೋಲ್‌ಮೆಂಟ್ ಅಂದರೆ ಹೈಸ್ಕೂಲ್ ವಯಸ್ಸಿನಲ್ಲೇ ಕಾಲೇಜಿನ ಕ್ಲಾಸಿಗೆ ಹೋಗುವುದು. ಒಂದೇ ಕೋರ್ಸ್ ಹೈಸ್ಕೂಲಿಗೂ ಕಾಲೇಜಿಗೂ ಲೆಕ್ಕ. ವಾಷಿಂಗ್ಟನ್‌ನಲ್ಲಿ ಇದನ್ನು ರನ್ನಿಂಗ್ ಸ್ಟಾರ್ಟ್ ಅನ್ನುತ್ತಾರೆ, 11 ಮತ್ತು 12ನೇ ತರಗತಿಯವರಿಗೆ ಟ್ಯೂಷನ್ ಇಲ್ಲ. ಓಹಾಯೋದಲ್ಲಿ ಕಾಲೇಜ್ ಕ್ರೆಡಿಟ್ ಪ್ಲಸ್, ಏಳನೇ ತರಗತಿಯಿಂದಲೇ ಅವಕಾಶ, ಹೋಮ್‌ಸ್ಕೂಲ್ ಮಕ್ಕಳಿಗೂ ಸರ್ಕಾರದ ದುಡ್ಡು ಸಿಗುತ್ತದೆ, ಆದರೆ ಅದಕ್ಕೆ ಹಿಂದಿನ ವಸಂತದಲ್ಲೇ ಅರ್ಜಿ ಹಾಕಿರಬೇಕು. ಫ್ಲೋರಿಡಾದಲ್ಲಿ ಟ್ಯೂಷನ್ ಮಾಫಿ. ಕ್ಯಾಲಿಫೋರ್ನಿಯಾದಲ್ಲಿ ಪಾರ್ಟ್ ಟೈಮ್ ಸೇರುವ ಹೈಸ್ಕೂಲ್ ಮಕ್ಕಳಿಗೆ ಹೆಚ್ಚಿನ ಕಡೆ ಯೂನಿಟ್ ಫೀ ಬಿಡುತ್ತಾರೆ. ಅಲ್ಲಿ ಫಾರ್ಮ್‌ಗೆ ಪ್ರಿನ್ಸಿಪಾಲ್ ಸಹಿ ಕೇಳುತ್ತಾರೆ, ಅಕ್ಟೋಬರ್ 1ರಿಂದ 15ರ ನಡುವೆ ಪ್ರೈವೇಟ್ ಸ್ಕೂಲ್ ಅಫಿಡವಿಟ್ ಸಲ್ಲಿಸಿ ಮನೆಯಲ್ಲಿ ಓದಿಸುವವರಿಗೆ ಆ ಪ್ರಿನ್ಸಿಪಾಲ್ ಅಂದರೆ ಅಪ್ಪ ಅಥವಾ ಅಮ್ಮನೇ. ಅಫಿಡವಿಟ್‌ನ ಪ್ರತಿ ಕೈಯಲ್ಲಿರಲಿ.

ಸೇರುವ ಮೊದಲು ಹಲವು ಕಡೆ ಪ್ಲೇಸ್‌ಮೆಂಟ್ ಪರೀಕ್ಷೆ ಇರುತ್ತದೆ, ಅಕ್ಯುಪ್ಲೇಸರ್ ಅಥವಾ ಅಲೆಕ್ಸ್. ಅಲೆಕ್ಸ್‌ನಲ್ಲಿ ನೂರಕ್ಕೆ ಅಂಕ, ಕ್ಯಾಲ್ಕುಲಸ್‌ಗೆ ಹಲವು ಕಡೆ 75ರ ಆಸುಪಾಸು ಕೇಳುತ್ತಾರೆ. ಮೊದಲ ಸಲ ಕಮ್ಮಿ ಬಂದರೆ ಅದರ ಅಭ್ಯಾಸದ ಪಾಠ ಮಾಡಿ ಮತ್ತೆ ಬರೆಯಲು ಬಿಡುತ್ತಾರೆ. ದಯವಿಟ್ಟು ಪಕ್ಕದಲ್ಲಿ ಕೂತು ಸಹಾಯ ಮಾಡಬೇಡಿ. ಆ ಅಂಕ ಮಗುವನ್ನು ಕಾಪಾಡಲು ಇರುವುದು.

ಈಗ ಎಚ್ಚರಿಕೆ. ಎಪಿಯಲ್ಲಿ 2 ಬಂದರೆ ಅದನ್ನು ಯಾರಿಗೂ ಕಳಿಸದೆ ಇರಬಹುದು. ಕಮ್ಯುನಿಟಿ ಕಾಲೇಜಿನಲ್ಲಿ ಸಿ ಮೈನಸ್ ಬಂದರೆ ಅದು ಶಾಶ್ವತ ದಾಖಲೆ. ಮುಂದೆ ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕಿದರೆ ಹದಿನೈದನೇ ವಯಸ್ಸಿನ ಆ ಗ್ರೇಡ್ ಕೂಡ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಸೆಮಿಸ್ಟರ್ ಶುರುವಾದ ದಿನವೇ ಎರಡು ತಾರೀಖು ಗೋಡೆಯ ಕ್ಯಾಲೆಂಡರ್ ಮೇಲೆ ಬರೆಯಿರಿ. ಒಂದು, ಯಾವ ಗುರುತೂ ಉಳಿಯದೆ ಕೋರ್ಸ್ ಬಿಡಬಹುದಾದ ಕೊನೆಯ ದಿನ. ಇನ್ನೊಂದು, ಡಬ್ಲ್ಯೂ (ವಿತ್‌ಡ್ರಾ, ಅಂದರೆ ಮಧ್ಯದಲ್ಲಿ ಬಿಟ್ಟದ್ದು) ಅನ್ನುವ ಗುರುತಿನೊಂದಿಗೆ ಬಿಡಬಹುದಾದ ಕೊನೆಯ ದಿನ. ಮೊದಲ ದೊಡ್ಡ ಪರೀಕ್ಷೆಯ ಅಂಕ ಬಂದ ಮೇಲೆ ಮಗುವಿನ ಜೊತೆ ಕೂತು ಮಾತಾಡಿ. ಒಂದು ಡಬ್ಲ್ಯೂ ಏನೂ ಮಾಡುವುದಿಲ್ಲ, ಎಫ್ ಮಾಡುತ್ತದೆ.

ಕ್ಯಾಲ್ಕುಲಸ್ 1 ಸಾಮಾನ್ಯವಾಗಿ 4 ಅಥವಾ 5 ಕ್ರೆಡಿಟ್. ಕ್ಲಾಸಿನ ಒಂದೊಂದು ಗಂಟೆಗೆ ಮನೆಯಲ್ಲಿ ಎರಡರಿಂದ ಮೂರು ಗಂಟೆ ಕೆಲಸ ಅಂತ ಕಾಲೇಜುಗಳೇ ಹೇಳುತ್ತವೆ, ಅಂದರೆ ವಾರಕ್ಕೆ ಹನ್ನೆರಡರಿಂದ ಇಪ್ಪತ್ತು ಗಂಟೆ ಈ ಒಂದೇ ಕೋರ್ಸಿಗೆ ಹೋಗುತ್ತದೆ. ಮೊದಲ ಸೆಮಿಸ್ಟರ್‌ನಲ್ಲಿ ಇದೊಂದೇ ಇರಲಿ. ಬೇಸಿಗೆಯಲ್ಲಿ ಇದನ್ನೇ ಎಂಟು ವಾರಕ್ಕೆ ಹಿಂಡಿ ಕೊಡುತ್ತಾರೆ, ಮೊದಲ ಸಲ ಕ್ಯಾಲ್ಕುಲಸ್ ನೋಡುವವರಿಗೆ ಅದು ಬೇಡವೇ ಬೇಡ. ನನ್ನ ಮಟ್ಟಿಗೆ ಒಳ್ಳೆಯ ಶುರು ಅಂದರೆ ಮನೆಯಲ್ಲಿ ಈಗಾಗಲೇ ಮುಗಿಸಿರುವ ಪ್ರೀಕ್ಯಾಲ್ಕುಲಸ್ ಅಥವಾ ಸ್ಟ್ಯಾಟಿಸ್ಟಿಕ್ಸನ್ನೇ ಕಾಲೇಜಿನಲ್ಲಿ ತಗೊಳ್ಳುವುದು. ಪಾಠ ಗೊತ್ತಿರುತ್ತದೆ, ಹಾಗಾಗಿ ಹೋಮ್‌ವರ್ಕ್ ಸಮಯಕ್ಕೆ ಕೊಡುವುದು, ಪ್ರೊಫೆಸರ್ ಆಫೀಸಿಗೆ ಹೋಗಿ ಪ್ರಶ್ನೆ ಕೇಳುವುದು, ಐವತ್ತು ನಿಮಿಷದಲ್ಲಿ ಪರೀಕ್ಷೆ ಮುಗಿಸುವುದು, ಇದನ್ನೆಲ್ಲ ಕಲಿಯಲು ತಲೆಯಲ್ಲಿ ಜಾಗ ಇರುತ್ತದೆ.

ಇನ್ನೊಂದು ವಿಷಯ ನಮ್ಮವರಿಗೆ ಒಪ್ಪಿಕೊಳ್ಳಲು ಕಷ್ಟ. ಮಗು ಕಾಲೇಜಿಗೆ ಸೇರಿದ ದಿನದಿಂದ, ವಯಸ್ಸು ಎಷ್ಟೇ ಇರಲಿ, ಫೆರ್ಪಾ ಅನ್ನುವ ವಿದ್ಯಾರ್ಥಿ ದಾಖಲೆಗಳ ಗೋಪ್ಯತೆಯ ಕಾನೂನಿನ ಪ್ರಕಾರ ಅದರ ದಾಖಲೆಯ ಹಕ್ಕು ಮಗುವಿನದ್ದೇ. ಪ್ರೊಫೆಸರ್‌ಗೆ ಅಮ್ಮ ಇಮೇಲ್ ಮಾಡಿದರೆ ಉತ್ತರ ಬರುವುದಿಲ್ಲ. ಮಗುವೇ ಬರೆಯಬೇಕು. ಬರೆಯುವುದನ್ನು ಮನೆಯಲ್ಲೇ ಕಲಿಸಿ, ವಿಷಯ ಏನು, ಯಾವ ಸೆಕ್ಷನ್, ಏನು ಕೇಳುತ್ತಿದ್ದೇನೆ, ನಾಲ್ಕು ಸಾಲು ಸಾಕು.

ಮನೆ ಹತ್ತಿರ ಕಾಲೇಜು ಇಲ್ಲದಿದ್ದರೆ

ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಯೂನಿವರ್ಸಲ್ ಲರ್ನರ್ ಕೋರ್ಸ್‌ಗಳು ಆನ್‌ಲೈನ್. ಶುರು ಮಾಡಲು 25 ಡಾಲರ್, ಗ್ರೇಡ್ ನೋಡಿ ಇಷ್ಟವಾದರೆ 400 ಡಾಲರ್ ಕಟ್ಟಿ ಟ್ರಾನ್ಸ್‌ಕ್ರಿಪ್ಟ್‌ಗೆ ಸೇರಿಸಿಕೊಳ್ಳಬಹುದು. ಮೊದಲೇ ಹೇಳಿದ ಶಾಶ್ವತ ದಾಖಲೆಯ ಭಯ ಇಲ್ಲಿ ಕಮ್ಮಿ. ಬಿಸಿ ಮುಗಿಸಿ ಇನ್ನೂ ಹಸಿವಿರುವ ಮಕ್ಕಳಿಗೆ ಇಲಿನಾಯ್ ಯೂನಿವರ್ಸಿಟಿಯ ನೆಟ್‌ಮ್ಯಾಥ್ ಇದೆ, ಮಲ್ಟಿವೇರಿಯಬಲ್ ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರಾ ಎಲ್ಲ ತಮ್ಮ ವೇಗದಲ್ಲಿ ಮಾಡಬಹುದು. ಫೀ ಜಾಸ್ತಿ. ಸೋಫಿಯಾ, ಸ್ಟಡಿ ಡಾಟ್ ಕಾಮ್ ತರಹದವು ಎಸಿಇ (ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್) ಶಿಫಾರಸಿನ ಕ್ರೆಡಿಟ್ ಕೊಡುತ್ತವೆ, ಅದನ್ನು ಒಪ್ಪುವ ಕಾಲೇಜು ಯಾವುದು ಅಂತ ಖಚಿತ ಮಾಡಿಕೊಳ್ಳದೆ ದುಡ್ಡು ಕಟ್ಟಬೇಡಿ.

ಮುಂದಿನ ಕ್ಲಾಸಿಗೆ ಸಿದ್ಧವಾ ಅಂತ ತಿಳಿಯುವುದು ಹೇಗೆ

ಎಪಿಯಲ್ಲಿ 5 ಬಂದಿದೆ, ಆದರೂ ಅನುಮಾನ ಇದೆ ಅನ್ನಿ. ಸೇರಬೇಕೆಂದಿರುವ ಯೂನಿವರ್ಸಿಟಿಯ ಗಣಿತ ವಿಭಾಗದ ಸೈಟ್‌ನಲ್ಲಿ ಹಳೆಯ ಫೈನಲ್ ಪರೀಕ್ಷೆಗಳನ್ನು ಹುಡುಕಿ, ಅನೇಕ ವಿಭಾಗಗಳು ಹಾಕಿರುತ್ತವೆ. ಯಾವ ಕೋರ್ಸ್ ಬಿಡುತ್ತಿದ್ದೀರೋ ಅದರ ಫೈನಲ್ ಪ್ರಿಂಟ್ ತೆಗೆದು, ಫೋನ್ ಬೇರೆ ರೂಮಿನಲ್ಲಿಟ್ಟು, ಗಡಿಯಾರ ಹಚ್ಚಿ ಬರೆಸಿ. ನೂರಕ್ಕೆ ಎಂಬತ್ತರ ಮೇಲೆ ಬಂದರೆ ನಿಶ್ಚಿಂತೆಯಿಂದ ಬಿಡಬಹುದು ಅನ್ನುವುದು ನನ್ನ ಲೆಕ್ಕ. ಅರವತ್ತು ಬಂದರೆ ಬೇಸಿಗೆಯಲ್ಲಿ ಮತ್ತೆ ಓದಿಸಿ, ಇಲ್ಲವೇ ಕ್ರೆಡಿಟ್ ಇದ್ದರೂ ಅದೇ ಕೋರ್ಸಿನಲ್ಲಿ ಕೂರಲಿ, ಅದರಲ್ಲಿ ಯಾವ ಅವಮಾನವೂ ಇಲ್ಲ. ಮತ್ತೆ ತಗೊಂಡರೆ ಹಳೆಯ ಕ್ರೆಡಿಟ್ ಏನಾಗುತ್ತದೆ ಅಂತ ಮಾತ್ರ ಅಡ್ವೈಸರ್ ಹತ್ತಿರ ಕೇಳಿಕೊಳ್ಳಿ.

ಅಡ್ವೈಸರ್‌ಗೆ ಏನೇ ಕೇಳಿದರೂ ಇಮೇಲ್‌ನಲ್ಲಿ ಕೇಳಿ, ಉತ್ತರ ಉಳಿಸಿಕೊಳ್ಳಿ. ಪ್ರತಿ ಕೋರ್ಸಿನ ಸಿಲಬಸ್, ಪಠ್ಯಪುಸ್ತಕದ ಹೆಸರು, ತಿದ್ದಿದ ಪರೀಕ್ಷೆಗಳು, ಎಲ್ಲ ಒಂದು ಫೋಲ್ಡರ್‌ನಲ್ಲಿರಲಿ. ಕ್ರೆಡಿಟ್ ಬರೀ ಎಲೆಕ್ಟಿವ್ ಅಂತ ಬಂದಾಗ ಸಿಲಬಸ್ ತೋರಿಸಿ ಮರುಪರಿಶೀಲನೆ ಕೇಳಬಹುದು. ಮನೆಯ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಕಾಲೇಜಿನ ಗ್ರೇಡ್ ಬರೆದರೆ ಸಾಲದು, ಆ ಕಾಲೇಜಿನಿಂದಲೇ ಅಧಿಕೃತ ಪ್ರತಿ ನೇರವಾಗಿ ಹೋಗಬೇಕು.

ಎಚ್‌-4 ವೀಸಾದಲ್ಲಿರುವ ಮಕ್ಕಳು, ಊರಿಗೆ ಮರಳುವವರು

ಎಚ್‌-4ನಲ್ಲಿ (ಎಚ್‌-1ಬಿಯಂಥ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವ ವೀಸಾ) ಇರುವ ಮಕ್ಕಳು ಕಾಲೇಜಿನ ಕ್ಲಾಸಿಗೆ ಹೋಗಬಹುದು, ವೀಸಾ ಬದಲಿಸಬೇಕಾಗಿಲ್ಲ. ಆದರೆ ಫೆಡರಲ್ ಹಣಕಾಸಿನ ನೆರವು ಅವರಿಗೆ ಸಿಗುವುದಿಲ್ಲ, 21 ತುಂಬಿದರೆ ಎಚ್‌-4 ಕೂಡ ಮುಗಿಯುತ್ತದೆ. ಹಾಗಾಗಿ ಹೈಸ್ಕೂಲಿನಲ್ಲೇ ಸಿಗುವ ಒಂದೊಂದು ಕ್ರೆಡಿಟ್‌ಗೂ ಇಂಥ ಮನೆಗಳಲ್ಲಿ ಬೆಲೆ ಜಾಸ್ತಿ. ಡ್ಯುಯಲ್ ಎನ್‌ರೋಲ್‌ಮೆಂಟ್‌ಗೆ ಸೇರುವಾಗ ಇನ್-ಸ್ಟೇಟ್ ಫೀ ಸಿಗುತ್ತದಾ ಅಂತ ಮೊದಲೇ ಕೇಳಿ. ಅದು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಕೌಂಟರ್‌ನಲ್ಲಿ ಕೂತವರಿಗೆ ಎಚ್‌-4 ಅಂದರೆ ಏನು ಅಂತ ಗೊತ್ತಿಲ್ಲದಿರಬಹುದು, ಐ-94 (ಅಮೆರಿಕದೊಳಗೆ ಬಂದದ್ದರ ದಾಖಲೆ) ಮತ್ತು ವೀಸಾ ಕಾಗದ ಜೊತೆಗಿರಲಿ.

ಬೆಂಗಳೂರಿಗೋ ಮೈಸೂರಿಗೋ ಮರಳಿ ಅಲ್ಲಿ ಎಂಜಿನಿಯರಿಂಗ್ ಓದಿಸುವ ಯೋಚನೆ ಇದ್ದರೆ ಪ್ಲ್ಯಾನ್ ಪೂರ್ತಿ ಬೇರೆ. ಸಿಇಟಿ, ಜೆಇಇ ಎರಡಕ್ಕೂ ಬೇಕಾಗುವುದು 12ನೇ ತರಗತಿ ಅಥವಾ ಪಿಯುಸಿಗೆ ಸಮಾನವಾದ ಸರ್ಟಿಫಿಕೇಟ್, ಅಮೆರಿಕದ ಕಾಲೇಜು ಕ್ರೆಡಿಟ್ ಅಲ್ಲ. ವಿದೇಶಿ ಸರ್ಟಿಫಿಕೇಟ್‌ಗೆ ಸಮಾನತೆ ಪಡೆಯಬೇಕು. ಬಹುಕಾಲ ಅದನ್ನು ಕೊಡುತ್ತಿದ್ದದ್ದು ಎಐಯು (ಭಾರತೀಯ ವಿಶ್ವವಿದ್ಯಾಲಯಗಳ ಸಂಘ), ಈಗ ಯಾರು ಕೊಡುತ್ತಾರೆ ಅಂತ ಕೇಳಿ ತಿಳಿದುಕೊಳ್ಳಿ. ಅಪ್ಪ ಅಮ್ಮ ಸಹಿ ಹಾಕಿದ ಡಿಪ್ಲೊಮಾ ಹಿಡಿದುಕೊಂಡು ಅಲ್ಲಿ ಕೆಲಸ ಮಾಡಿಸಿಕೊಳ್ಳುವುದು ಕಷ್ಟ. ಅಂಥವರು ಒಂಬತ್ತನೇ ತರಗತಿಯಲ್ಲೇ ಮಾನ್ಯತೆ ಪಡೆದ ಆನ್‌ಲೈನ್ ಶಾಲೆಯೊಂದಕ್ಕೆ ಮಗುವನ್ನು ಸೇರಿಸುವ ಬಗ್ಗೆ ಯೋಚಿಸಲಿ, ಸೇರಿಸುವ ಮೊದಲು ಆ ಶಾಲೆಯ ಡಿಪ್ಲೊಮಾಗೆ ಭಾರತದಲ್ಲಿ ಸಮಾನತೆ ಸಿಗುತ್ತದಾ ಅಂತ ಬರೆದು ಕೇಳಿಕೊಳ್ಳಲಿ.